ಅಲ್ಗೇರೊ ಊರನ್ನು 'ಪುಟ್ಟ ಬಾರ್ಸಿಲೋನಾ' ಅನ್ನಬೇಡಿ

ಇಟಲಿಯ ಸಾರ್ಡೀನಿಯಾ ದ್ವೀಪದ ವಾಯವ್ಯ ಮೂಲೆಯಲ್ಲಿ ಅಲ್ಗೇರೊ ಅಂತ ಒಂದು ಊರಿದೆ. ಸಮುದ್ರಕ್ಕೆ ಅಂಟಿಕೊಂಡ ಕೋಟೆ, ಕಲ್ಲು ಹಾಸಿದ ಓಣಿಗಳು, ಸಾನ್ ಮಿಕೆಲೆ ಚರ್ಚಿನ ಬಣ್ಣಬಣ್ಣದ ಗುಮ್ಮಟ. ಹೋಗುವ ಮುಂಚೆ ನಾನು ನೋಡಿದ ವಿಡಿಯೊಗಳೆಲ್ಲ ಅದನ್ನು 'ಪುಟ್ಟ ಬಾರ್ಸಿಲೋನಾ' ಅಂತಲೇ ಕರೆದಿದ್ದವು. ಊರಿನವರೂ ಹೆಮ್ಮೆಯಿಂದ ಹಾಗೇ ಹೇಳಿಕೊಳ್ಳುತ್ತಾರೆ. ಹೋಗಿ ಬಂದ ಮೇಲೆ ನನಗಂತೂ ಆ ಹೆಸರು ಒಪ್ಪುತ್ತಿಲ್ಲ. ಕೇಳಲು ಚೆನ್ನಾಗಿದೆ, ಆದರೆ ಊರಿನ ಅರ್ಧ ಕಥೆಯನ್ನು ಅದು ಮುಚ್ಚಿಬಿಡುತ್ತದೆ.

ಊರು ಕಟ್ಟಿದ್ದು ಇಟಲಿಯ ಬಂದರು ನಗರ ಜಿನೋವಾದ ಡೋರಿಯಾ ಮನೆತನ. 1353ರಲ್ಲಿ ಈಗಿನ ಸ್ಪೇನಿನಲ್ಲಿದ್ದ ಆರಗಾನ್ ರಾಜ್ಯದ ದೊರೆಯ ನೌಕಾಪಡೆ ಪಕ್ಕದ ಪೋರ್ತೊ ಕೋಂತೆ ಕೊಲ್ಲಿಯಲ್ಲಿ ಜಿನೋವಾದವರನ್ನು ಸೋಲಿಸಿತು. ಊರು ಕೈಗೆ ಸಿಕ್ಕಿತು, ಬೇಗನೆ ದಂಗೆಯೂ ಎದ್ದಿತು. 1354ರಲ್ಲಿ ದೊರೆ ನಾಲ್ಕನೇ ಪೀಟರ್ ತಾನೇ ಹಡಗುಗಳ ದಂಡು ಕಟ್ಟಿಕೊಂಡು ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. ಆಮೇಲೆ ಅಲ್ಲಿದ್ದ ಜನರನ್ನು ಹೊರಗೆ ಹಾಕಿ, ಆ ದೊರೆಯದ್ದೇ ಆಳ್ವಿಕೆಯಲ್ಲಿದ್ದ, ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಕಡೆಯಿಂದ ಜನರನ್ನು ಕರೆತಂದು ಕೂರಿಸಿದರು. ಬಂದವರಿಗೆ ಮನೆ, ರಿಯಾಯಿತಿ ಎಲ್ಲ ಸಿಕ್ಕಿತು. ಸುತ್ತಲಿನ ಸಾರ್ಡೀನಿಯಾದವರು ಹಗಲು ಬಂದು ವ್ಯಾಪಾರ ಮಾಡಬಹುದಿತ್ತು, ಸಂಜೆ ಕಹಳೆ ಊದಿದ ಮೇಲೆ ಗೋಡೆಯೊಳಗೆ ಇರುವ ಹಾಗಿರಲಿಲ್ಲ ಅಂತ ಈಗಲೂ ಹೇಳುತ್ತಾರೆ. ತಮ್ಮದೇ ದ್ವೀಪದಲ್ಲಿ!

ಹಳೆ ಊರಿನ ಹೆಬ್ಬಾಗಿಲಲ್ಲಿ ಪೋರ್ತಾ ತೆರ್ರಾ ಅನ್ನುವ ಗೋಪುರವಿದೆ. ಅದಕ್ಕೆ 'ಯಹೂದಿಗಳ ಗೋಪುರ' ಅಂತಲೂ ಹೆಸರು. ಕಟ್ಟಲು ಊರಿನ ಯಹೂದಿಗಳು ದುಡ್ಡು ಕೊಟ್ಟಿದ್ದರು. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಓಡಿಸಿದಾಗ ಇವರೂ ಹೋಗಬೇಕಾಯಿತು. ನಾನು ಹೋದಾಗ ಆ ಗೋಪುರದ ಮುಂದೆ ಜನ ಐಸ್‌ಕ್ರೀಮ್ ತಿನ್ನುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ತೆಗೆಸಿಕೊಂಡೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಇಷ್ಟು ಓದಿ, ಹಾಗೆ ಬಂದು ಕೂತವರು ತಂದ ಕ್ಯಾಟಲಾನ್ ಭಾಷೆಯ ಮೇಲೆ ನಿಮಗೆ ಸಿಟ್ಟು ಬಂದಿದ್ದರೆ ಸ್ವಲ್ಪ ತಡೆಯಿರಿ. ಕಥೆ ಅಲ್ಲಿಂದ ಉಲ್ಟಾ ಹೊಡೆಯುತ್ತದೆ. 1720ರಲ್ಲಿ ದ್ವೀಪ, ಮುಂದೆ ಇಟಲಿಯ ರಾಜರಾದ ಸವೊಯ್ ಮನೆತನಕ್ಕೆ ಹೋಯಿತು. ಆಳುವವರ ಭಾಷೆ ಇಟಾಲಿಯನ್ ಆಯಿತು, ಆಮೇಲೆ ಶಾಲೆಯ ಭಾಷೆಯೂ ಅದೇ. ಗೆದ್ದು ಬಂದವರ ನುಡಿ ನಿಧಾನವಾಗಿ ಮೀನುಗಾರರ, ಅಜ್ಜ ಅಜ್ಜಿಯರ ನುಡಿಯಾಗಿ ಉಳಿಯಿತು. ನಾವು ಉಳಿದುಕೊಂಡಿದ್ದ ಮನೆಯ ಆಂಟಿ ಹೇಳಿದ್ದು ಕೇಳಿ: ಅವರ ಅಪ್ಪ ಅಮ್ಮ ತಮ್ಮತಮ್ಮಲ್ಲಿ ಕ್ಯಾಟಲಾನ್ ಆಡುತ್ತಿದ್ದರಂತೆ, ಮಕ್ಕಳ ಕಡೆ ತಿರುಗಿದರೆ ಇಟಾಲಿಯನ್. ಮಕ್ಕಳು ಶಾಲೆಯಲ್ಲಿ ಹಿಂದೆ ಬೀಳಬಾರದಲ್ಲ! ಆಂಟಿಗೆ ಕೇಳಿದರೆ ಎಲ್ಲ ಅರ್ಥವಾಗುತ್ತದೆ, ಮಾತಾಡಲು ಬಾಯಿ ತಿರುಗುವುದಿಲ್ಲ. ನಮ್ಮಲ್ಲಿ ಎಷ್ಟು ಮನೆಗಳ ಕಥೆ ಇದು, ಅಲ್ವಾ?

ಈಗ ಹಳೆ ಊರಿನ ಬೀದಿ ಬೋರ್ಡುಗಳಲ್ಲಿ ಎರಡೂ ಭಾಷೆ ಇದೆ. 1999ರ ಕಾನೂನಿನಲ್ಲಿ ಇಟಲಿ ಕ್ಯಾಟಲಾನನ್ನು ಅಲ್ಪಸಂಖ್ಯಾತರ ಭಾಷೆ ಅಂತ ಗುರುತಿಸಿದೆ. ಬೋರ್ಡು ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಬೋರ್ಡುಗಳ ಕೆಳಗೆ ನನಗೆ ಕೇಳಿಸಿದ್ದೆಲ್ಲ ಇಟಾಲಿಯನ್, ಜರ್ಮನ್, ಇಂಗ್ಲಿಷ್. ಬೋರ್ಡು ಓದಿ ಖುಷಿಪಡುತ್ತಿದ್ದವರು ಬಾರ್ಸಿಲೋನಾದಿಂದ ಬಂದ ಪ್ರವಾಸಿಗಳು!

ಅವರ ಖುಷಿಗೂ ಒಂದು ಹಿನ್ನೆಲೆ ಇದೆ. 1960ರಲ್ಲಿ ಕ್ಯಾಟಲೋನಿಯಾದಿಂದ ಒಂದು ಹಡಗು ತುಂಬ ಜನ ಅಲ್ಗೇರೊಗೆ ಬಂದರು. ಆಗ ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆ. ಶಾಲೆಯಲ್ಲಿ, ಕಚೇರಿಯಲ್ಲಿ ಅವರ ಭಾಷೆಗೆ ಜಾಗವಿರಲಿಲ್ಲ. ಅಂಥವರಿಗೆ ಸಮುದ್ರದಾಚೆ, ಬೇರೆ ದೇಶದ ಊರೊಂದರಲ್ಲಿ ತಮ್ಮ ಮಾತು ಕೇಳಿಸಿದರೆ ಹೇಗಾಗಿರಬೇಡ. 2021ರಲ್ಲಿ, ಕ್ಯಾಟಲೋನಿಯಾ ಪ್ರತ್ಯೇಕ ದೇಶವಾಗಬೇಕು ಅಂತ ಹೋರಾಡಿದ ನಾಯಕ ಪುಜ್‌ಡೆಮೊನ್ ಇಲ್ಲಿನ ಜಾನಪದ ಉತ್ಸವಕ್ಕೆ ಬಂದು, ಸ್ಪೇನಿನ ವಾರಂಟ್ ಮೇಲೆ ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾಗಿ, ಮರುದಿನ ಬಿಡುಗಡೆಯಾದರು. ಬಾರ್ಸಿಲೋನಾದವರಿಗೆ ಈ ಊರು ಅಷ್ಟು ಮುಖ್ಯ. ಆದರೆ ಅಲ್ಗೇರೊ ಅವರ ನೆನಪಿನ ಡಬ್ಬಿ ಅಲ್ಲ. ಜಿನೋವಾ, ಯಹೂದಿ, ಸಾರ್ಡೀನಿಯಾ, ಇಟಲಿ ಎಲ್ಲ ಬೆರೆತ ಊರು ಅದು.

ನನ್ನ ಮಾತು ನಂಬದಿದ್ದರೆ ಬಸ್ ಹತ್ತಿ ಪಕ್ಕದ ಫೆರ್ತಿಲಿಯಾಗೆ ಹೋಗಿ. ಮುಸೊಲಿನಿ ಕಾಲದಲ್ಲಿ ಕಟ್ಟಿದ ಊರು, ನೇರ ರಸ್ತೆ, ಕಮಾನುಗಳ ಸಾಲು. ಎರಡನೇ ಮಹಾಯುದ್ಧದ ನಂತರ ಇಸ್ಟ್ರಿಯಾ ಪ್ರದೇಶ ಯುಗೊಸ್ಲಾವಿಯಾಗೆ ಹೋದಾಗ ಅಲ್ಲಿಂದ ಮನೆಮಠ ಬಿಟ್ಟು ಬಂದ ಇಟಾಲಿಯನ್ ಕುಟುಂಬಗಳು ಇಲ್ಲಿ ನೆಲೆಸಿದವು. ಬೀದಿಗಳಿಗೆ ತಾವು ಬಿಟ್ಟುಬಂದ ಊರುಗಳ ಹೆಸರಿಟ್ಟಿದ್ದಾರೆ. ಸಮುದ್ರದ ದಡದಲ್ಲಿ, ಇಸ್ಟ್ರಿಯಾದ ಕರಾವಳಿಯನ್ನು ಹಿಂದೆ ಆಳಿದ ವೆನಿಸ್‌ನ ಲಾಂಛನವಾದ ರೆಕ್ಕೆಯ ಸಿಂಹ ನಿಂತಿದೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ತಟ್ಟಿದ ಜಾಗ ಇದು. ಅಲ್ಲಿ ಪ್ರವಾಸಿಗಳು ಹೆಚ್ಚು ಕಾಣಲಿಲ್ಲ. ಅಲ್ಲೇ ಮುಂದೆ ಪಾಲ್ಮವೇರಾದಲ್ಲಿ ಕಂಚಿನ ಯುಗದ ಕಲ್ಲಿನ ಗೋಪುರಗಳಿವೆ. ಈ ಎಲ್ಲರಿಗಿಂತ ಎಷ್ಟೋ ಮುಂಚಿನವು.

ಇನ್ನು ಹವಳ. ಅಲ್ಗೇರೊ ಲಾಂಛನದಲ್ಲೇ ಹವಳದ ಕೊಂಬೆ ಇದೆ. ಅಂಗಡಿಯಲ್ಲಿ ಕೆಂಪು ಸರ ಕಂಡ ಕೂಡಲೇ ನಮ್ಮ ಕಡೆ ಕರಿಮಣಿ ಜೊತೆ ಪೋಣಿಸುವ ಹವಳ ನೆನಪಾಯಿತು. ಇದು ಬರೀ ನೆನಪಲ್ಲ. ಮೆಡಿಟರೇನಿಯನ್ ಹವಳ ಶತಮಾನಗಳ ಕಾಲ ಭಾರತಕ್ಕೆ ಬಂದಿದೆ. ಯುರೋಪಿನ ವ್ಯಾಪಾರಿಗಳು ಗೋವಾಕ್ಕೆ ಹವಳ ಕಳಿಸಿ ವಜ್ರ ತರಿಸಿಕೊಳ್ಳುತ್ತಿದ್ದರು. ಬೆಲೆ ಕೇಳಿ ನಾನು ಸರವನ್ನು ವಾಪಸ್ ಇಟ್ಟೆ.

ಊಟಕ್ಕೆ ಬಂದರೆ, ಟೊಮೆಟೊ, ಈರುಳ್ಳಿ ಹಾಕಿದ 'ಕ್ಯಾಟಲಾನ್ ಲಾಬ್‌ಸ್ಟರ್' ಇಲ್ಲಿ ಹೆಸರುವಾಸಿ. ತೂಕದ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ, ಮೊದಲೇ ಕೇಳಿಕೊಳ್ಳಿ. ಸಿಹಿ ಬೇಕೆಂದರೆ ಸೆಯಾದಾಸ್ ಇದೆ. ಒಳಗೆ ಚೀಸ್ ತುಂಬಿ ಕರಿದು ಮೇಲೆ ಜೇನು ಸುರಿದ ಕಡುಬು ಅಂದುಕೊಳ್ಳಿ.

ಆಗಸ್ಟ್‌ನಲ್ಲಿ ಮಾತ್ರ ಹೋಗಬೇಡಿ, ವಿಪರೀತ ಜನ. ಹತ್ತಿರದ ಕಾಪೊ ಕಾಚ್ಚಾ ಭೂಶಿರದ ನೆಪ್ಚೂನ್ ಗುಹೆ ನೋಡಲೇಬೇಕು. ಬಂದರಿನಿಂದ ದೋಣಿಯಲ್ಲಿ ಹೋಗಬಹುದು, ಇಲ್ಲವೇ ಬಂಡೆಗೆ ಕೊರೆದ 654 ಮೆಟ್ಟಿಲು ಇಳಿಯಬಹುದು. ಗುಹೆಯ ಬಾಯಿ ನೀರಿಗೆ ತೀರಾ ಹತ್ತಿರ, ಅಲೆ ಜೋರಾದರೆ ಮುಚ್ಚಿಬಿಡುತ್ತಾರೆ. ಹೊರಡುವ ಮುಂಚೆ ವಿಚಾರಿಸಿ. ಇಳಿದು ಹೋದ ಮೇಲೆ 'ಇವತ್ತಿಲ್ಲ' ಅಂದರೆ ಆ 654 ಮೆಟ್ಟಿಲನ್ನೂ ಏನೂ ನೋಡದೇ ಹತ್ತಬೇಕಾಗುತ್ತದೆ.