ಸೇಬಿನ ರಸವೂ ರವಿಕೆ ಕಣವೂ

'ಆಪಲ್ ಜ್ಯೂಸ್ ಕುಡಿದರೆ ಹತ್ತು ಲಾಭ! ಹತ್ತನೆಯದನ್ನು ಓದಿದರೆ ಬೆಚ್ಚಿಬೀಳುತ್ತೀರಿ!' ಬೆಳಗ್ಗೆ ಆರಕ್ಕೇ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಿತ್ತು. ನಿಮ್ಮ ಗುಂಪಿಗೂ ಬಂದಿರುತ್ತದೆ ಬಿಡಿ. ಪೂರ್ತಿ ಓದಿದೆ, ಬೆಚ್ಚಿಬೀಳಲಿಲ್ಲ. ಆರನೇ ಲಾಭ ಮಲಬದ್ಧತೆ ನಿವಾರಣೆ. ಕೆಳಗೆ ನಷ್ಟಗಳ ಪಟ್ಟಿಯಲ್ಲಿ ಎರಡನೆಯದು ಭೇದಿ. ಎರಡೂ ಸುಳ್ಳಲ್ಲ. ಸೇಬಿನ ರಸದಲ್ಲಿ ಸಾರ್ಬಿಟಾಲ್ ಅಂತ ಒಂದಿದೆ, ಕರುಳಿಗೆ ನೀರೆಳೆದು ಕೆಲಸ ಸಲೀಸು ಮಾಡುತ್ತದೆ. ಮನೆಯಲ್ಲಿದ್ದವನಿಗೆ ಅದು ಲಾಭ, ಶಿವಮೊಗ್ಗ–ಬೆಂಗಳೂರು ರಾತ್ರಿ ಬಸ್ಸಿನಲ್ಲಿದ್ದವನಿಗೆ ನಷ್ಟ.

ಅದೇ ವಾರ ಚಿಕ್ಕಪ್ಪ ಶುಗರ್ ಏರಿ ದುರ್ಗಿಗುಡಿಯ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದರು. ಮಂಚದ ಪಕ್ಕದ ಕಪಾಟಿನ ಮೇಲೆ ಸಾಲಾಗಿ ಐದು ಆಪಲ್ ಜ್ಯೂಸ್ ಪ್ಯಾಕು. ಆರನೆಯದು ನನ್ನ ಕೈಯಲ್ಲಿ. 'ತಗೊಂಡ್ಯಲ್ಲ ಮಾರಾಯ, ನೀನೂ!' ಅಂದರು ಚಿಕ್ಕಪ್ಪ. ಡ್ರಿಪ್ ಹಾಕುತ್ತಿದ್ದ ಸಿಸ್ಟರ್ ತಿರುಗಿಯೂ ನೋಡಲಿಲ್ಲ.

ಪ್ಯಾಕಿನ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎಲ್ಲವೂ ಇದೆ. 200 ಮಿ.ಲೀ.ಗೆ 20 ಗ್ರಾಂ ಮೇಲೆ ಸಕ್ಕರೆ, ಅಂದರೆ ಐದು ಚಮಚ. ಕೋಲಾದಲ್ಲೂ ಹೆಚ್ಚುಕಮ್ಮಿ ಇಷ್ಟೇ. ಹಣ್ಣಿನ ರಸದ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ, ಎಲ್ಲ ಸೇರಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಸಿಪ್ಪೆ ಸಮೇತ ಸೇಬು ತಿಂದರೆ ನಾಲ್ಕು ಗ್ರಾಂ ನಾರಾದರೂ ಸಿಗುತ್ತದೆ. ರಸ ಹಿಂಡುವಾಗ ಅದನ್ನು ಆಚೆ ಎಸೆದು, ಉಳಿದದ್ದಕ್ಕೆ ಆರೋಗ್ಯ ಅಂತ ಹೆಸರಿಟ್ಟರು.

ಇನ್ನು ಆ 'ನೂರಕ್ಕೆ ನೂರು ಹಣ್ಣಿನ ರಸ'. ರಸ ಹಿಂಡಿ, ನೀರು ಬತ್ತಿಸಿ, ಗಟ್ಟಿ ಪಾಕ ಮಾಡಿ, ಎಲ್ಲಿಂದ ಎಲ್ಲಿಗೋ ಸಾಗಿಸಿ, ಮತ್ತೆ ನೀರು ಬೆರೆಸಿದರೂ ಅದು ನೂರಕ್ಕೆ ನೂರೇ! ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಸೈಕಲ್ಲಿನಲ್ಲಿ ಹಾಲು ತರುವವನೊಬ್ಬನಿದ್ದ. ಹಳ್ಳ ದಾಟುವಾಗ ಅವನ ಕ್ಯಾನು ತುಸು ಭಾರವಾಗುತ್ತಿತ್ತು. ಊರೆಲ್ಲ ಸೇರಿ ಬೈದು, ಕೊನೆಗೆ ಬಿಡಿಸಿಯೇಬಿಟ್ಟಿತು. ಪಾಪ, ಹೀಗೆ ನೀರು ಬೆರೆಸಿದ್ದಕ್ಕೆ ಇಂಗ್ಲಿಷಿನಲ್ಲಿ 'ರೀಕಾನ್‌ಸ್ಟಿಟ್ಯೂಟೆಡ್' ಎನ್ನುವ ಪದವಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇವತ್ತು ಅವನ ಫೋಟೊ ಸಾಗರ ರಸ್ತೆಯ ಫ್ಲೆಕ್ಸಿನಲ್ಲಿರುತ್ತಿತ್ತು. 2024ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ ಎಚ್ಚರವಾಗಿ, ಆ 'ನೂರು ಪರ್ಸೆಂಟ್' ಅಳಿಸಿ ಅಂತ ಆದೇಶ ಹೊರಡಿಸಿತು. ಅಷ್ಟರಲ್ಲಿ ಒಂದು ತಲೆಮಾರೇ ಅದನ್ನು ಕುಡಿದು ಬೆಳೆದಾಗಿತ್ತು.

ಇಂಥ ಲೇಖನಗಳೆಲ್ಲ ಮುಗಿಯುವುದು ಒಂದೇ ಸಾಲಿನಿಂದ: 'ಯಾವುದಕ್ಕೂ ನಿಮ್ಮ ವೈದ್ಯರ ಸಲಹೆ ಪಡೆಯಿರಿ.' ಯಾವ ವೈದ್ಯರು, ಸ್ವಾಮಿ? ಹೊಸನಗರದಾಚೆ ಮಳೆಗಾಲದಲ್ಲಿ ಒಬ್ಬರಿಗೆ ರಾತ್ರಿ ಎದೆನೋವು ಬಂದರೆ ಮೊದಲು ಜೀಪು ಹುಡುಕಬೇಕು, ಆಮೇಲೆ ಬಿದ್ದ ಮರ ಕಡಿಯಬೇಕು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಇಲ್ಲೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಬೇಸಿಗೆಯಲ್ಲಿ ಜ್ವರ ಬಂದರೆ ಇಲ್ಲಿನವರ ಎದೆ ಝಲ್ಲೆನ್ನುತ್ತದೆ. ಅದರ ಬಗ್ಗೆ ಹತ್ತು ಸಾಲು ಫಾರ್ವರ್ಡ್ ಮಾಡುವವರಿಲ್ಲ. ಸಾಕಾಗಿದೆ.

ಹೋಗಲಿ. ಸೇಬು ಬೆಳೆಯದ ಈ ಸೀಮೆಯಲ್ಲಿ ಮುರುಗಲು ಹಣ್ಣು ಮರದ ಬುಡದಲ್ಲಿ ಕೆಂಪಗೆ ಬಿದ್ದು ಕೊಳೆಯುತ್ತದೆ. ಅದರ ಪಾನಕಕ್ಕೂ ಬೆಲ್ಲ ಹಾಕುತ್ತೇವೆ, ನಾವೇನೂ ಸಾಚಾ ಅಲ್ಲ. ಆದರೆ ಎಷ್ಟು ಅಚ್ಚು ಬಿತ್ತು ಅಂತ ಅತ್ತೆಗೆ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾಳೆ. ಆಸ್ಪತ್ರೆಗೆ ಮಾತ್ರ ಅದನ್ನು ಒಯ್ಯುವಂತಿಲ್ಲ, ಮರ್ಯಾದೆ ಪ್ರಶ್ನೆ.

ಚಿಕ್ಕಪ್ಪ ಡಿಸ್ಚಾರ್ಜ್ ಆದರು. ಆರೂ ಪ್ಯಾಕು ಸೀಲು ಒಡೆಯದೆ ಮನೆಗೆ ಬಂದವು, ಅರಿಶಿನ ಕುಂಕುಮಕ್ಕೆ ಕೊಟ್ಟ ರವಿಕೆ ಕಣದ ಹಾಗೆ ಅಲ್ಲಿಂದ ಒಂದೊಂದಾಗಿ ಹೊರಟವು. ಒಂದು ಬಾಣಂತಿಗೆ, ಒಂದು ಕಾಲು ಮುರಿದವರಿಗೆ. ಮೊನ್ನೆ ನನಗೆ ಜ್ವರ ಅಂತ ನೋಡಲು ಬಂದ ಷಡ್ಕರು ಚೀಲದಿಂದ ಒಂದು ಪ್ಯಾಕು ತೆಗೆದು ಮೇಜಿನ ಮೇಲಿಟ್ಟರು. ಎಡಮೂಲೆ ಜಜ್ಜಿತ್ತು. ಬೈಕಿನ ಬಾಕ್ಸಿನಲ್ಲಿ ಅದನ್ನು ಜಜ್ಜಿದವನು ನಾನೇ. ಅವಧಿ ಮುಗಿಯಲು ಇನ್ನೂ ಎರಡು ತಿಂಗಳಿದೆ. ಭಾನುವಾರ ಯಾರನ್ನೋ ನೋಡಲು ಹೋಗಬೇಕಂತೆ. ಹೆಂಡತಿ ಆಗಲೇ ಅದನ್ನು ಒರೆಸಿ ಬಾಗಿಲ ಬಳಿ ಇಟ್ಟಿದ್ದಾಳೆ.