ಎಡಚಿಯ ಹರಕೆ

ಬಲಭುಜ ಇನ್ನೂ ನೋಯುತ್ತಿದೆ. ಅಮೃತಾಂಜನ ತಿಕ್ಕಿಕೊಂಡು ಕೂತಿದ್ದೇನೆ. ಕಾರಣ ನನ್ನ ತಮ್ಮ.

ಅವನಿಗೆ 34 ವರ್ಷ, ಹೆಣ್ಣು ಸಿಗುತ್ತಿಲ್ಲ. ಅಮ್ಮ ಕುಕ್ಕೆ, ಘಾಟಿ ಎರಡೂ ಮುಗಿಸಿದ್ದಾರೆ. ಈಗ ನಾವು ಜಪಾನಿನಲ್ಲಿರುವುದು ನೆನಪಾಗಿದೆ. "ಅಲ್ಲೂ ಮದುವೆ ಮಾಡಿಸೋ ದೇವರು ಇರ್ತಾನಲ್ವಾ, ನೋಡು" ಅಂದರು. ನೋಡಿದೆ. ಕ್ಯೂಶೂ ದ್ವೀಪದ ಮಿಯಾಝಾಕಿಯಲ್ಲಿ, ಕಡಲ ಬಂಡೆಯ ಗುಹೆಯೊಳಗೆ ಉಡೊ ಜಿಂಗು ಅಂತ ಗುಡಿ ಇದೆ. ಸಂಬಂಧ ಕೂಡಿಸುವುದಕ್ಕೆ ಇಲ್ಲಿಯವರು ಎನ್‌ಮುಸುಬಿ ಅನ್ನುತ್ತಾರೆ. ಮುಸುಬಿ ಅಂದರೆ ಗಂಟು. ನಮ್ಮ ಬ್ರಹ್ಮಗಂಟೇ, ಇನ್ನೇನು!

ಹಿಂದೆ ಹೊಸ ಮದುಮಗಳು ಗೆಜ್ಜೆ ಕಟ್ಟಿದ ಕುದುರೆ ಏರಿ ಇಲ್ಲಿಗೆ ಬರುತ್ತಿದ್ದಳಂತೆ. ಗಂಡ ಲಗಾಮು ಹಿಡಿದು ನಡೆಯುತ್ತಿದ್ದನಂತೆ. ನಾನು ಬಂದದ್ದು ಬಸ್ಸಿನಲ್ಲಿ. ಗಂಡ ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ಗೊರಕೆ ಹೊಡೆದ.

ಗುಡಿಯ ಕಥೆ ಕೇಳಿ. ಸಮುದ್ರರಾಜನ ಮಗಳು ತೊಯೊತಮಾಹಿಮೆ ಹೆರಿಗೆಗೆ ಹೋಗುವಾಗ "ಇಣುಕಬೇಡ" ಅಂದಿದ್ದಳು. ಗಂಡ ಇಣುಕಿದ. ಅವಳು ಜಲಚರದ ರೂಪದಲ್ಲಿದ್ದಳು. ನಾಚಿಕೆಯಾಗಿ ಕೂಸನ್ನು ಬಿಟ್ಟು ಕಡಲಿಗೆ ಹೊರಟೇ ಹೋದಳು. ಥೇಟ್ ನಮ್ಮ ಶಂತನು-ಗಂಗೆ. ಬಿಟ್ಟುಹೋದ ಹೆಂಡತಿಯ ಊರಲ್ಲಿ ಮದುವೆಗೆ ಹರಕೆ ಹೊರುವುದು ಎಷ್ಟು ಸರಿ ಅಂತ ಕೇಳಿದರೆ, ಗಂಡ "ಬಸ್ ಚಾರ್ಜ್ ಕೊಟ್ಟಾಯ್ತಲ್ಲ" ಅಂದ.

ಸರಿ, ಹರಕೆ. ಐದು ಮಣ್ಣಿನ ಗೋಲಿ, 200 ಯೆನ್. ಕೆಳಗೆ ಅಲೆಗಳ ನಡುವೆ ಆಮೆಯಂಥ ಬಂಡೆ, ಅದರ ಬೆನ್ನಲ್ಲಿ ಹಗ್ಗ ಸುತ್ತಿದ ಕುಳಿ. ಗೋಲಿ ಅಲ್ಲಿ ಬಿದ್ದರೆ ಬೇಡಿದ್ದು ಆಗುತ್ತದಂತೆ. ಆದರೆ ಗಂಡಸರು ಎಡಗೈಯಲ್ಲಿ, ಹೆಂಗಸರು ಬಲಗೈಯಲ್ಲಿ ಎಸೆಯಬೇಕು.

ನಾನು ಎಡಚಿ!

ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ಸೌಟಲ್ಲಿ ಬಡಿಯುತ್ತಿದ್ದಳು. ಒಮ್ಮೆ ಕೈಗೆ ಬಟ್ಟೆ ಸುತ್ತಿ ಕೂರಿಸಿದ್ದಳು. ಇಷ್ಟು ದೂರ ಬಂದರೂ ಅಜ್ಜಿ ಬಿಡಲಿಲ್ಲವಲ್ಲ ಅನ್ನಿಸಿತು. ಅವಳ ಕೊನೆಗಾಲದಲ್ಲಿ ಗಂಜಿ ಕುಡಿಸಿದ್ದು ಇದೇ ಎಡಗೈ. ಆಗ ಮಾತ್ರ ಅವಳು ಏನೂ ಅನ್ನದೆ ಬಾಯಿ ತೆರೆದಿದ್ದಳು.

ಮೊದಲ ಗೋಲಿ ಬಂಡೆಯವರೆಗೂ ಹೋಗಲಿಲ್ಲ. "ಶಾರ್ಟ್ ಪಿಚ್" ಎಂದ ಗಂಡ. ಅವನಿಗೆ ಇದೊಂದು ಖಾಯಿಲೆ. ಚಪಾತಿ ಹರಿದರೂ ಕಾಮೆಂಟರಿ, ಹಾಲು ಉಕ್ಕಿದರೂ ಕಾಮೆಂಟರಿ. ಎರಡನೆಯದು ಸಮುದ್ರಕ್ಕೆ. "ವೈಡ್." ಮೂರನೆಯದು ಪಕ್ಕದಲ್ಲಿ ನಿಂತ ಅಜ್ಜಿಯೊಬ್ಬರ ಟೊಪ್ಪಿಗೆ ತಾಗಿತು. ನಾನು ಸೊಂಟ ಮುರಿಯುವಷ್ಟು ಬಗ್ಗಿ ಸುಮಿಮಾಸೆನ್ ಹೇಳುತ್ತಿದ್ದರೆ ಹಿಂದಿನಿಂದ "ಬೌನ್ಸರ್!" ನಾಲ್ಕನೆಯದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. "ಥರ್ಡ್ ಅಂಪೈರ್ ನೋಡಬೇಕು" ಅಂದ. ಅಂದಹಾಗೆ, ಈ ಮಹಾಶಯನ ಐದೂ ಗೋಲಿ ಎಡಗೈಯಿಂದ ನೇರ ನೀರಿಗೆ ಹೋಗಿದ್ದವು. ಅದಕ್ಕೆ ಮಾತ್ರ ಕಾಮೆಂಟರಿ ಇರಲಿಲ್ಲ. "ಗಾಳಿ ಜಾಸ್ತಿ" ಅಂದ, ಅಷ್ಟೇ.

ಉಳಿದದ್ದು ಒಂದೇ. ತಮ್ಮನ ಮುಖ ನೆನಪಾಯಿತು. ಆಚೀಚೆ ನೋಡಿದೆ. ಟೊಪ್ಪಿ ಅಜ್ಜಿ ದೂರ ಸರಿದಿದ್ದರು, ಪಾಪ. ಗೋಲಿಯನ್ನು ಮೆಲ್ಲಗೆ ಎಡಗೈಗೆ ಬದಲಾಯಿಸಿ ಎಸೆದೆ. ಹಗ್ಗಕ್ಕೆ ತಾಗಿ, ಪುಟಿದು, ಕುಳಿಯೊಳಗೆ ಬಿತ್ತು.

"ನೋ ಬಾಲ್" ಎಂದ ಗಂಡ.

ವಾಪಸ್ಸು ಬರುವಾಗ ಅವನೊಂದಿಗೆ ಮಾತಾಡಲಿಲ್ಲ. ಈ ಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ಅಂದರೆ ಏದುಸಿರು ಬಿಡುತ್ತಾ ಹತ್ತುವುದು ವಾಪಸ್ಸು ಬರುವಾಗ. ಹಾಗಾಗಿ ಮಾತು ಬಿಟ್ಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಬಸ್‌ಸ್ಟಾಪಿನಿಂದ ಅಮ್ಮನಿಗೆ ಫೋನ್ ಮಾಡಿ "ಬಿತ್ತಮ್ಮ, ಒಂದು ಸರಿಯಾಗಿ ಬಿತ್ತು" ಅಂದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದರು.

"ಯಾವ ಕೈಲಿ ಎಸೆದೆ?"