ಕೊಡಚಾದ್ರಿ ಯಾಕೆ, ವಿನೋಬನಗರ ಸಾಕು

ಬೇಸಿಗೆ ರಜೆ ಬಂತೆಂದರೆ ಶಿವಮೊಗ್ಗದವರು ಚಾರಣಕ್ಕೆಂದು ಕೊಡಚಾದ್ರಿಯ ಜೀಪು ಹತ್ತುತ್ತಾರೆ. ದುಡ್ಡು ದಂಡ. ಅದಕ್ಕಿಂತ ಕಡಿದಾದ ಹಾದಿ ಊರೊಳಗಿನ ವಿನೋಬನಗರ ಬಡಾವಣೆಯಲ್ಲಿ, ಮನೆ ಗೇಟಿನ ಮುಂದೆಯೇ ಬಿದ್ದಿದೆ. ಅದನ್ನು ಫುಟ್‌ಪಾತ್ ಅಂತಾರೆ.

ಲೆಕ್ಕ ಹಾಕಿ. ಮೂವತ್ತು-ನಲವತ್ತರ ಸೈಟುಗಳ ಬೀದಿಯಲ್ಲಿ, ಅಡ್ಡರಸ್ತೆ ಕಳೆದರೂ, ಕಿಲೋಮೀಟರಿಗೆ ಒಂದು ಬದಿಗೆ ನೂರು ಮನೆ. ನೂರು ಮನೆಗೆ ನೂರು ಗೇಟು, ನೂರು ಗೇಟಿಗೆ ನೂರು ರ‍್ಯಾಂಪು. ಒಂದೊಂದಕ್ಕೂ ಒಂದಡಿ ಹತ್ತಿ ಒಂದಡಿ ಇಳಿದರೆ ಕಿಲೋಮೀಟರಿಗೆ 30 ಮೀಟರ್ ಏರು. 45 ಕಿಲೋಮೀಟರಿಗೆ ಕೊಡಚಾದ್ರಿಯ 1343 ಮೀಟರೂ ಮುಗೀತು. ಜಿಗಣೆ ಕಾಟವಿಲ್ಲ.

ಈ ಏರು ತಾನಾಗಿ ಎದ್ದದ್ದಲ್ಲ, ಬೆಳೆಸಿದ್ದು. ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಸುತ್ತಾರೆ. ಪ್ರತಿ ಸಲ ರಸ್ತೆ ನಾಲ್ಕೈದು ಸೆಂಟಿಮೀಟರ್ ಮೇಲೇಳುತ್ತದೆ. ಮಲೆನಾಡಿನ ಮಳೆ ಕಂಡ ಮನೆಯವರು ಸುಮ್ಮನಿರುತ್ತಾರೆಯೇ? ಗೇಟು ಎತ್ತರಿಸುತ್ತಾರೆ, ರ‍್ಯಾಂಪೂ ಎತ್ತರವಾಗುತ್ತದೆ. ಮುಂದಿನ ಡಾಂಬರಿಗೆ ಮತ್ತೆ ಒಂದು ಸುತ್ತು. ಇವೆರಡರ ಜಗಳದಲ್ಲಿ ಬಡವಾದದ್ದು ನಡುವಿನ ಫುಟ್‌ಪಾತ್.

ಅಂದಹಾಗೆ ನಿಯಮವೂ ಇದೆ. ರಸ್ತೆಗಳ ಅಳತೆ ಗೊತ್ತುಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ವಸತಿ ಬೀದಿಯಲ್ಲಿ ನಡೆಯಲು 1.8 ಮೀಟರ್ ಅಗಲ, ತಲೆಯ ಮೇಲೆ 2.2 ಮೀಟರ್ ಖಾಲಿ ಇರಬೇಕು; ಅಂಚಿನ ಕಲ್ಲು 15 ಸೆಂಟಿಮೀಟರ್ ದಾಟಬಾರದು. ಆ 1.8 ಮೀಟರಿನಲ್ಲಿ ಕವರು ಹೊದ್ದ ಕಾರು ಸರಿಯಾಗಿ ಹಿಡಿಸುತ್ತದೆ. ಅಳತೆ ತೆಗೆದವರು ಕಾರು ನೋಡಿಯೇ ತೆಗೆದಿರಬೇಕು.

ಹೊರಡುವ ಹೊತ್ತು ಮುಖ್ಯ. ಏಪ್ರಿಲ್ ಕೊನೆಯ ವಾರದಲ್ಲಿ ಶಿವಮೊಗ್ಗದ ಸೂರ್ಯ ಮಧ್ಯಾಹ್ನ ಹನ್ನೆರಡೂವರೆ ಹತ್ತಿರ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಕಾಂಪೌಂಡಿಗೆ ನೆರಳಿಲ್ಲ, ಕಂಬಕ್ಕೆ ನೆರಳಿಲ್ಲ, ನಿಮ್ಮ ನೆರಳು ನಿಮ್ಮ ಚಪ್ಪಲಿಯಡಿ. ಬೆಳಿಗ್ಗೆ ಒಂಬತ್ತರೊಳಗೆ ಹೊರಟರೆ ಉತ್ತರ-ದಕ್ಷಿಣದ ಬೀದಿಗಳನ್ನು ಹಿಡಿಯಿರಿ. ಪೂರ್ವದ ಸಾಲಿನ ಮನೆಗಳು ತಮ್ಮ ನೆರಳನ್ನು ಇನ್ನೂ ಬೀದಿಗೆ ಚೆಲ್ಲಿರುತ್ತವೆ. ಅದೊಂದನ್ನು ಯಾರೂ ಇನ್ನೂ ಒಳಗೆಳೆದುಕೊಂಡಿಲ್ಲ.

ಹಾಗಾದರೆ ಮರ? ಹೊಂಗೆಯ ನೆರಳು ತಾಯಿಯ ಮಡಿಲು ಅಂದರು ಹಿರಿಯರು. ಯುಗಾದಿ ಹೊತ್ತಿಗೆ ಹೊಸ ಎಲೆ ಹೊತ್ತು ನಿಲ್ಲುವ ಮರ, ಬೇಸಿಗೆಗೆಂದೇ ಹುಟ್ಟಿದ್ದು. ಅದನ್ನು ತೆಗೆಯಲು ಸಂಬಂಧಪಟ್ಟವರಿಗೆ ಗರಗಸವೇ ಬೇಕಿಲ್ಲ. ಮೊದಲು ಬುಡದ ಸುತ್ತ ಬೆರಳು ತೂರದ ಹಾಗೆ ಕಾಂಕ್ರೀಟು ಬಿಗಿಯಬೇಕು. ನೀರು ಇಳಿಯದೆ ಬೇರು ಮೇಲೆ ಬರುತ್ತದೆ, ಕಾಂಡ ದಪ್ಪಗಾಗಿ ಟೈಲು ಎತ್ತುತ್ತದೆ. ಆಗ ಮರವೇ ಅಪರಾಧಿ: ‘ಅಪಾಯಕಾರಿ ಮರ’ ಅಂತ ಅರ್ಜಿ. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿಯೂ ಸಿಗುತ್ತದೆ, ಮರ ಹೋಗುತ್ತದೆ. ವನಮಹೋತ್ಸವಕ್ಕೆ ಅಲ್ಲೇ ಮೊಣಕಾಲೆತ್ತರದ ಗಿಡ, ಆಳೆತ್ತರದ ಕಬ್ಬಿಣದ ಪಂಜರ, ಎದೆಯಗಲದ ನಾಮಫಲಕ. ಮುಂದಿನ ಏಪ್ರಿಲ್‌ನಲ್ಲಿ ನೆರಳು ಕೊಡುವುದು ಫಲಕವೊಂದೇ.

ಕಾಲ ಕೆಳಗೂ ಗಮನವಿರಲಿ. ಇಂಟರ್‌ಲಾಕ್ ಕಲ್ಲಿನಡಿ ಎರಡು ಬೆರಳಷ್ಟು ಮರಳಿರಬೇಕು, ಅಂಚು ಕಟ್ಟಿರಬೇಕು. ಅಂಚಿಲ್ಲದಿದ್ದರೆ ಮರಳು ಚರಂಡಿಗೆ ಜಾರಿ ಕಲ್ಲು ಕುಣಿಯುತ್ತದೆ. ಬೇಸಿಗೆಯಲ್ಲಿ ‘ಟಕ್’ ಅಂತಷ್ಟೇ ಎಚ್ಚರಿಸುತ್ತದೆ. ಆ ಕಲ್ಲನ್ನು ನೆನಪಿಟ್ಟುಕೊಳ್ಳಿ ಮಾರಾಯ್ರೆ, ಮೊದಲ ಮಳೆಗೆ ಅದೇ ಪಿಚಕಾರಿ, ಮೊಣಕಾಲಿನ ತನಕ ಕೆಸರು. ತುಳಿಯಲೇಬೇಕೆಂದರೆ ನಡುವೆ ತುಳಿಯಿರಿ, ಅಂಚಿಗಲ್ಲ.

ಕಣ್ಣು ಕಾಣದವರಿಗೆಂದು ಹಾಕುವ ಹಳದಿ ಟೈಲಿನಲ್ಲಿ ಉದ್ದ ಗೆರೆ ಅಂದರೆ ಮುಂದೆ ನಡಿ, ಗುಂಡು ಚುಕ್ಕೆ ಅಂದರೆ ನಿಲ್ಲು. ಗೆರೆ ನೇರ ಲೈಟು ಕಂಬದ ತನಕ ಹೋಗುತ್ತದೆ. ಚುಕ್ಕೆ ಹಣೆಯ ಮೇಲೆ ಏಳುತ್ತದೆ.

ಇಷ್ಟೆಲ್ಲ ದಾಟಿ ಬೆವರೊರೆಸುತ್ತ ನಿಂತವರ ಪಕ್ಕ ಒಂದು ಕಾರು ನಿಧಾನಿಸುತ್ತದೆ. ಗಾಜು ಇಳಿಯುತ್ತದೆ.

“ಯಾಕೆ ನಡ್ಕೊಂಡು? ಗಾಡಿ ಕೆಟ್ಟಿದ್ಯಾ? ಹತ್ತಿ, ನಾನೂ ನೆಹರೂ ಸ್ಟೇಡಿಯಂಗೇ ಹೊರಟಿದೀನಿ, ವಾಕಿಂಗಿಗೆ.”